ಸಲ್ಲೇಖನವೂ ದಯಾಮರಣವೂ

ದೇಹವನ್ನು ಬಿಡುವ ಕಾಲವನ್ನು ಮನುಷ್ಯನು ತಾನೇ ನಿರ್ಣಯಿಸಬಹುದೆ ಎಂಬ ಪ್ರಶ್ನೆಯು ಕನ್ನಡನಾಡಿಗೆ ಹೊಸತಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಕ್ರಿ.ಶ. 600ರ ಸುಮಾರಿನಿಂದ ಕೊರೆಯಿಸಿದ ಲೇಖಗಳು, ಅನ್ನೋದಕಗಳನ್ನು ಕ್ರಮಕ್ರಮವಾಗಿ ತೊರೆದು ಮುಡಿಪಿದ ಮುನಿಗಳ, ಕಂತಿಯರ, ಗೃಹಸ್ಥರ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿವೆ.

ಜೈನಾಚಾರ್ಯರು ಈ ವ್ರತವನ್ನು ಕಟ್ಟಳೆಯಿಲ್ಲದೆ ಬಿಟ್ಟವರಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬೀ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಸಲ್ಲೇಖನವನ್ನು ವಿಧಿಸಿರುವರು. ಬದುಕಬೇಕೆಂಬ ಆಸೆಯಂತೆಯೇ ಬೇಗನೆ ಸಾಯಬೇಕೆಂಬ ಆಸೆಯೂ ವ್ರತಕ್ಕೆ ದೋಷವೆಂದು ಅವರೇ ಎಣಿಸಿದರು. ಆತ್ಮಹತ್ಯಕ್ಕೂ ಸಲ್ಲೇಖನಕ್ಕೂ ನಡುವಣ ಗೆರೆಯಿರುವುದು ಇಲ್ಲಿಯೇ.

ಆದರೆ ಶಾಸ್ತ್ರದ ಗೆರೆಯಷ್ಟು ನೇರವಾಗಿ ಮನುಷ್ಯರ ಬಾಳು ಸಾಗುವುದಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯು ಕ್ರಿ.ಶ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಕೆಯ ತಂದೆ ಮಾರಸಿಂಗಯ್ಯನು ಶಿವಭಕ್ತ. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಮಗಳು ಹೋದ ಬಳಿಕ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಬಂಧುಗಳ ಅಪ್ಪಣೆ ಪಡೆದು, ಗುರುಗಳ ಸಮಕ್ಷಮದಲ್ಲಿ ಒಂದು ತಿಂಗಳ ಪರ್ಯಂತ ಉಪವಾಸವಿದ್ದು ದೇಹವನ್ನು ಬಿಟ್ಟಳೆಂದು ಶಾಸನವು ಹೇಳುತ್ತದೆ. ಮಕ್ಕಳನ್ನು ಕಳೆದುಕೊಂಡ ತಾಯಿಯ ಶೋಕವು ಆಚಾರ್ಯರು ಹೇಳಿದ ನಾಲ್ಕರಲ್ಲಿ ಯಾವುದರಲ್ಲಿ ಸೇರುವುದು? ಶಾಸನಕವಿಯ ಪ್ರಶಂಸೆಯಿಂದ ಈ ಸಂದೇಹವು ತೀರುವಂತಿಲ್ಲ. ಆದರೂ ಒಂದು ಸಂಗತಿಯು ನಿಸ್ಸಂದೇಹವಾದುದು: ಸಂಕಲ್ಪವು ಆಕೆಯದೇ, ನುಡಿಯೂ ಆಕೆಯದೇ, ಕೇಳಿದವರು ಹತ್ತಿರವೇ ಇದ್ದರು.

2015ನೆಯ ಇಸವಿಯ ಆಗಸ್ಟ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯಕ್ಕೆ ಸಮವೆಂದು ತೀರ್ಮಾನಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನಿತ್ತಿತು.

ಸಂಕಲ್ಪ ಮಾಡಬಲ್ಲವರ ಮಾತು ಇಷ್ಟಾಯಿತು. ಮಾತೇ ಅಡಗಿಹೋದವರ ಗತಿಯೇನು? ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ನೆಯ ನವೆಂಬರ 27ರಂದು ಅಲ್ಲಿಯ ಕೆಲಸದವನೊಬ್ಬನ ಘೋರ ಕೃತ್ಯಕ್ಕೆ ತುತ್ತಾಗಿ, ಮೆದುಳು ಕೆಟ್ಟು, ನಾಲ್ಕು ದಶಕಗಳಿಗೂ ಮೀರಿ ಹಾಸಿಗೆಯಲ್ಲಿಯೇ ಉಳಿದರು. ಅವರ ಕಷ್ಟವನ್ನು ಕಂಡು ಮರುಗಿದ ಲೇಖಕಿ ಪಿಂಕಿ ವಿರಾಣಿಯವರು ಆಹಾರವನ್ನು ನಿಲ್ಲಿಸಿ ಅವರನ್ನು ಬಿಡುಗಡೆ ಮಾಡಬೇಕೆಂದು ನ್ಯಾಯಾಲಯವನ್ನು ಬೇಡಿದರು. ದಾದಿಯರು ಒಪ್ಪಲಿಲ್ಲ. ದಿನವೂ ಉಣಿಸಿ, ಮೈತೊಳೆದು, ಮಗ್ಗುಲು ಬದಲಿಸಿ ಆ ಜೀವವನ್ನು ಕಾದವರು ಅವರು. 2011ನೆಯ ಮಾರ್ಚ 7ರಂದು ನ್ಯಾಯಾಲಯವು ಆ ಆಸ್ಪತ್ರೆಯವರನ್ನೇ ರೋಗಿಯ ನಿಜವಾದ ಆಪ್ತರೆಂದು ಮನ್ನಿಸಿ ಬೇಡಿಕೆಯನ್ನು ತಳ್ಳಿತು. ಆದರೆ ನಿರುಪಯುಕ್ತವಾದ ಚಿಕಿತ್ಸೆಯನ್ನು ಉಚ್ಚ ನ್ಯಾಯಾಲಯದ ಅನುಮತಿಯಿಂದ ನಿಲ್ಲಿಸುವುದಕ್ಕೆ ಅದೇ ತೀರ್ಪಿನಲ್ಲಿ ದಾರಿಯನ್ನೂ ತೆರೆಯಿತು. ಮದ್ದಿಟ್ಟು ಪ್ರಾಣ ತೆಗೆಯುವುದು ಅಂದಿಗೂ ಇಂದಿಗೂ ನಿಷಿದ್ಧವೇ. ಇಬ್ಬರ ದಯೆಯೂ ನಿಜವಾದುದಾದರೂ, ಉಣಿಸಿದ ಕೈಗಳ ಮಾತಿಗೆ ನ್ಯಾಯಾಲಯವು ಹೆಚ್ಚಿನ ಬೆಲೆ ಕೊಟ್ಟದ್ದು ಯುಕ್ತವೇ ಸರಿ. ಅರುಣಾ ಅವರು 2015ನೆಯ ಮೇ 18ರಂದು ಶ್ವಾಸಕೋಶದ ರೋಗದಿಂದ ತೀರಿಕೊಂಡರು.

2018ನೆಯ ಮಾರ್ಚ 9ರಂದು ಐವರು ನ್ಯಾಯಾಧೀಶರ ಪೀಠವು ಗೌರವದಿಂದ ಸಾಯುವುದೂ ಬಾಳುವ ಹಕ್ಕಿನ ಒಂದಂಗವೆಂದು ಸಾರಿತು. ಪ್ರಜ್ಞೆಯಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ತನ್ನ ಇಚ್ಛೆಯನ್ನು ಬರೆದಿಡಲು ಆಗ ಅವಕಾಶವಾಯಿತು. ಈ ನಿಯಮಗಳನ್ನು 2023ರಲ್ಲಿ ಸುಲಭಗೊಳಿಸಲಾಯಿತು; 2025ನೆಯ ಜನವರಿ 30ರಂದು ಕರ್ನಾಟಕ ಸರಕಾರವು ಅವುಗಳನ್ನು ಜಾರಿಗೆ ತರಲು ಆಜ್ಞೆ ಹೊರಡಿಸಿತು. ಚಿಕಿತ್ಸೆಯನ್ನು ನಿಲ್ಲಿಸುವ ಮೊದಲು ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು. ಪತ್ರವನ್ನು ಬರೆಯದೆಯೇ ಪ್ರಜ್ಞೆ ತಪ್ಪಿದವರ ವಿಷಯದಲ್ಲಿಯೂ, ಹತ್ತಿರದವರ ಸಮ್ಮತಿಯ ಮೇಲೆ, ಆ ಮಂಡಲಿಗಳೇ ವಿಚಾರ ಮಾಡತಕ್ಕವು.