ಎರಡು ಬರಹದ ನಾಣ್ಯ

ಗ್ರೀಸ್ ದೇಶವೆಲ್ಲಿ, ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳೆಲ್ಲಿ ಎಂದು ತಾವು ಕೇಳಬಹುದು. ಹಿಂದೂಪುರದಲ್ಲಿ ರೈಲು ಹತ್ತಿ, ಧರ್ಮಾವರಂ, ಅನಂತಪುರ ದಾಟಿ ಗುತ್ತಿಯಲ್ಲಿ ಇಳಿಯಿರಿ. ಅಲ್ಲಿಂದ ಪತ್ತಿಕೊಂಡದ ರಸ್ತೆ ಹಿಡಿದರೆ ಕರ್ನೂಲು ಜಿಲ್ಲೆಯ ಎರ್ರಗುಡಿ ಸಿಗುತ್ತದೆ. ಆ ಊರಿನ ಗುಡ್ಡದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವುಗಳಲ್ಲಿ ಹದಿಮೂರನೆಯ ಶಾಸನವು ಐವರು ಯವನ ಅರಸರನ್ನು ಹೆಸರಿಸುತ್ತದೆ. ಯವನರೆಂದರೆ ಗ್ರೀಕರು. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯಾದ ಆಂಟಿಗೋನಸ್, ಆಫ್ರಿಕಾದ ಸೈರೀನ್ ನಗರದ ಮ್ಯಾಗಸ್, ಇವರ ಜೊತೆಗೆ ಅಲೆಕ್ಸಾಂಡರ್ ಎಂಬ ಹೆಸರಿನ ಮತ್ತೊಬ್ಬ ಅರಸ. ಅಶೋಕನ ಪ್ರಾಕೃತದಲ್ಲಿ ಆಂಟಿಯೋಕಸನು ಅಂತಿಯೋಕನಾದ, ಟಾಲೆಮಿಯು ತುರಮಾಯನಾದ. ಪರದೇಶದ ಹೆಸರು ನಮ್ಮ ನಾಲಿಗೆಗೆ ಬಂದಾಗ ಹೀಗೆಯೇ ಮೆತ್ತಗಾಗುತ್ತದೆ.

ಈ ನೆಂಟಸ್ತಿಕೆ ಬೆಳೆದ ಬಗೆ ಹೀಗೆ. ಕ್ರಿ.ಪೂ. 323ರಲ್ಲಿ ಮಹಾ ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಅವನ ದಂಡನಾಯಕರು ರಾಜ್ಯವನ್ನು ಹಂಚಿಕೊಂಡರು. ಅವರಲ್ಲಿ ಸೆಲ್ಯೂಕಸ್ ಎಂಬಾತ ಅಶೋಕನ ಅಜ್ಜ ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡು, ಗಡಿಯ ಸೀಮೆಗಳನ್ನು ಬಿಟ್ಟುಕೊಟ್ಟು, 500 ಆನೆಗಳನ್ನು ಪಡೆದ. ಆ ಸೀಮೆಗಳಲ್ಲಿ ನೆಲೆಸಿದ್ದ ಗ್ರೀಕರು ರಾತ್ರಿ ಬೆಳಗಾಗುವುದರೊಳಗೆ ಬೇರೆ ರಾಜ್ಯದ ಪ್ರಜೆಗಳಾದರು. ಮನೆ ಅಲ್ಲೇ, ಹೊಲ ಅಲ್ಲೇ. ಗಡಿ ಮಾತ್ರ ಸರಿಯಿತು. ಈ ಅನುಭವವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ರಜೆಗಳ ಭಾಷೆಯನ್ನು ಅಶೋಕ ಕಡೆಗಣಿಸಲಿಲ್ಲ. ಈಗಿನ ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಅವನದೊಂದು ಶಾಸನ ಸಿಕ್ಕಿತು. ಮೇಲೆ ಗ್ರೀಕ್, ಕೆಳಗೆ ಅರಾಮಿಕ್. ಒಂದೇ ಬಂಡೆ, ಎರಡು ಭಾಷೆ. ಅದರಲ್ಲಿ 'ಧರ್ಮ' ಎಂಬ ಮಾತಿಗೆ ಗ್ರೀಕಿನಲ್ಲಿ 'ಯೂಸೇಬಿಯಾ' ಎಂಬ ಪದವಿದೆ. ದೇವರಲ್ಲಿ, ಹಿರಿಯರಲ್ಲಿ ಇರಬೇಕಾದ ಭಯಭಕ್ತಿ ಎಂದು ಅದರ ಭಾವ. ಎರಡೂ ಮಾತುಗಳ ತೂಕ ಬಲ್ಲವನು ಮಾತ್ರ ಇಂಥ ಪದವನ್ನು ಆರಿಸಬಲ್ಲ.

ಈಗ ಕಲ್ಯಾಣದುರ್ಗದವರಿಗೆ ಹತ್ತಿರದ ಮಾತು. ರಾಯದುರ್ಗದ ಮೇಲೆ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ಬ್ರಹ್ಮಗಿರಿ ಇದೆ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಶಾಸನವೆಲ್ಲ ಎಡದಿಂದ ಬಲಕ್ಕೆ ಬರೆಯುವ ಬ್ರಾಹ್ಮೀ ಲಿಪಿಯಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಅದು ಗ್ರೀಕರೂ ನೆಲೆಸಿದ್ದ ವಾಯವ್ಯ ಗಡಿಯ ಲಿಪಿ. ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದ ನನಗೆ ಇದು ತಟ್ಟನೆ ಅರ್ಥವಾಗುತ್ತದೆ. ಚಲನ್ ಪೂರ್ತಿ ತೆಲುಗಿನಲ್ಲಿ ತುಂಬಿಸಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕುವ ಎಷ್ಟೋ ಮಂದಿಯನ್ನು ನಾನು ಕಂಡಿದ್ದೇನೆ.

ಮೌರ್ಯರ ನಂತರ ಗ್ರೀಕ್ ಅರಸರೇ ಹಿಂದೂಕುಷ್ ದಾಟಿ ಬಂದು ಆಳಿದರು. ಅವರ ನಾಣ್ಯಗಳಿಗೂ ಎರಡು ಬರಹ. ಅಗಾಥೋಕ್ಲಿಸ್ ಎಂಬ ಅರಸನ ಬೆಳ್ಳಿ ನಾಣ್ಯಗಳು 1970ರಲ್ಲಿ ಅಫ್ಘಾನಿಸ್ತಾನದ ಆಯ್ ಖಾನಂ ಎಂಬಲ್ಲಿ ದೊರೆತವು. ಒಂದು ಮುಖದಲ್ಲಿ ನೇಗಿಲು ಹಿಡಿದ ಬಲರಾಮ, ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಮುಖದಲ್ಲಿ ಚಕ್ರ ಹಿಡಿದ ವಾಸುದೇವ, ಸುತ್ತ ಬ್ರಾಹ್ಮೀ ಅಕ್ಷರ. ಆಳುವವನು ಪ್ರಜೆಗಳ ದೇವರನ್ನೂ ಲಿಪಿಯನ್ನೂ ತನ್ನ ದುಡ್ಡಿನ ಮೇಲೆ ಒತ್ತಿಸಿದ.

ಕಾಲಾನಂತರ ಬ್ರಾಹ್ಮಿಯ ಆ ಹಳೆಯ ರೂಪವನ್ನು ಓದುವವರು ಇಲ್ಲವಾದರು. ಖರೋಷ್ಠಿಯೂ ಮರೆತುಹೋಯಿತು. ಅಶೋಕನ ಬಂಡೆಗಳು ನೂರಾರು ವರ್ಷ ಮೂಕವಾಗಿ ನಿಂತವು. ಅವುಗಳ ಬಾಯಿ ಬಿಡಿಸಲು ನೆರವಾದದ್ದು ಇದೇ ಎರಡು ಬರಹದ ನಾಣ್ಯಗಳು. 1836ರಲ್ಲಿ ಲಾಸೆನ್ ಎಂಬ ವಿದ್ವಾಂಸರು ಅಗಾಥೋಕ್ಲಿಸನ ನಾಣ್ಯದ ಗ್ರೀಕ್ ಹೆಸರನ್ನು ಆಧಾರವಾಗಿಟ್ಟುಕೊಂಡು ಕೆಲವು ಬ್ರಾಹ್ಮೀ ಅಕ್ಷರಗಳನ್ನು ಓದಿದರು. ಮುಂದಿನ ವರ್ಷ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮಿಯ ಗಂಟನ್ನು ಬಿಡಿಸಿದರು. ಖರೋಷ್ಠಿಯ ಬೀಗ ತೆಗೆದದ್ದೂ ಇಂಥ ನಾಣ್ಯಗಳೇ. ಗೊತ್ತಿದ್ದ ಭಾಷೆ ಗೊತ್ತಿಲ್ಲದ ಭಾಷೆಗೆ ಬೀಗದ ಕೈಯಾಯಿತು.

ಬಂಧುಗಳೇ, ನಮ್ಮ ಮನೆಗಳಲ್ಲಿ ಮಕ್ಕಳು ಬೀದಿಯ ತೆಲುಗು, ಶಾಲೆಯ ಇಂಗ್ಲಿಷ್ ಕಲಿಯುತ್ತಾರೆ. ಕಲಿಯಲಿ, ಸಂತೋಷ. ಆದರೆ ಅಜ್ಜಿ ಬರೆದಿಟ್ಟ ಕನ್ನಡ ಹಾಡಿನ ಪುಸ್ತಕ, ಹೊಲದ ಹಳೆಯ ಕನ್ನಡ ಪತ್ರ ಅವರ ಕೈಗೆ ಬಂದಾಗ ಬರೀ ಗೀಟುಗಳಾಗಿ ಕಾಣಬಾರದು. ಅದನ್ನು ತಪ್ಪಿಸಲು ಪ್ರಿನ್ಸೆಪ್ ಬರಬೇಕಾಗಿಲ್ಲ. ಸಂಜೆ ಹೊತ್ತು ಅರ್ಧ ಗಂಟೆ, ಒಂದು ಸ್ಲೇಟು, ಒಂದು ಬಳಪ ಸಾಕು. ತೆಲುಗಿನ ಅಕ್ಷರ ಬಲ್ಲ ಮಗುವಿಗೆ ಕನ್ನಡದ ಅಕ್ಷರ ಅಕ್ಕನ ಮುಖ ನೋಡಿ ತಂಗಿಯನ್ನು ಗುರುತಿಸಿದಷ್ಟು ಸುಲಭ. ಈ ಸಂಜೆಯೇ ಶುರುಮಾಡಿ.