ಹೆಳವರ ಬಾಯಿ, ಉತಾರದ ಕಾಗದ

ಸುಗ್ಗಿ ಮುಗಿದು, ಬ್ಯಾಡಗಿ ಪೇಟೆಗೆ ಹೋದ ಮೆಣಸಿನಕಾಯಿಯ ದುಡ್ಡು ರೈತರ ಕೈಸೇರುವ ಹೊತ್ತಿಗೆ ಹಾವೇರಿ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಕಾಲಿಗೆ ಹೊದಿಕೆ ಮುಚ್ಚಿಕೊಂಡು ಎತ್ತಿನ ಮೇಲೆ ಕೂತ ಹೆಳವ, ಒಕ್ಕಲಿನ ಮನೆ ಮುಂದೆ ನಿಂತು ಆ ಮನೆತನದ ಮೂಲ ಊರು, ಬೆಡಗು ಅಂದರೆ ಬಳಿ, ಮನೆದೇವರು, ಮುತ್ತಜ್ಜ ಗಿರಿಯಜ್ಜರ ಹೆಸರುಗಳನ್ನು ತಡವರಿಸದೆ ಒಪ್ಪಿಸುತ್ತಿದ್ದ. ಹೋದ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಸೇರಿಸಿಕೊಳ್ಳುತ್ತಿದ್ದ. ಮನೆಯವರು ಜೋಳ, ಬಟ್ಟೆ, ರೊಕ್ಕ ಕೊಟ್ಟು ಕಳಿಸುತ್ತಿದ್ದರು. ಒಂದೇ ಬೆಡಗಿನಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಹಾಗಾಗಿ ಆತನ ಮಾತಿಗೆ ತೂಕವಿತ್ತು.

ಒಕ್ಕಲಿನ ವಂಶಾವಳಿಗೆ ಹೆಳವರ ಬಾಯಿಯಿದ್ದರೆ, ಅರಸರ ವಂಶಾವಳಿಗೆ ಶಾಸನದ ಕಲ್ಲಿತ್ತು. 12-13ನೇ ಶತಮಾನದಲ್ಲಿ ಇದೇ ಸೀಮೆಯ ಗುತ್ತಲವನ್ನಾಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ಕುಲದವರೆಂದು ಶಾಸನಗಳಲ್ಲಿ ಬರೆಸಿಕೊಂಡರು. ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಯಲ್ಲಿ ಅವರ ಕಾಲದ ಶಾಸನಗಳು ಇಂದಿಗೂ ನಿಂತಿವೆ. ಚಂದ್ರಗುಪ್ತನಿಗೂ ಅವರಿಗೂ ನಡುವೆ ಏಳೆಂಟು ನೂರು ವರ್ಷಗಳ ಅಂತರವಿರುವಾಗ ಆ ಮಾತನ್ನು ಇದ್ದಂತೆ ನಂಬಲಾಗದು. ದೊಡ್ಡ ಮನೆತನದ ನಂಟು ಹೇಳಿಕೊಳ್ಳುವ ಆಸೆ ಎಷ್ಟು ಹಳೆಯದೆಂಬುದಂತೂ ಅದರಿಂದ ತಿಳಿಯುತ್ತದೆ.

ಇಂಥ ಶಾಸನಗಳು ಕಾಗದಕ್ಕೂ ಇಳಿದವು. 1824ರಲ್ಲಿ ಕಿತ್ತೂರಿನ ಕದನದಲ್ಲಿ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್, ಮುಂದೆ ಕನ್ನಡ ನಾಡಿನ 595 ಶಾಸನಗಳನ್ನು ನಕಲು ಮಾಡಿಸಿದ. ಆ ನಕಲುಗಳ ಒಂದು ಪ್ರತಿ ಆತ ಹುಟ್ಟಿದೂರಾದ ಎಡಿನ್‌ಬರೊದ ವಿಶ್ವವಿದ್ಯಾಲಯ ಸೇರಿತು.

ಆತನ ಸ್ಕಾಟ್ಲೆಂಡಿನಲ್ಲಿ ಸಾಮಾನ್ಯರ ಹೆಸರೂ ಕಾಗದದಲ್ಲಿ ಉಳಿದಿದೆ. ಅಲ್ಲಿನ ಚರ್ಚಿನ ದಾಖಲೆಗಳಲ್ಲಿ ಅತಿ ಹಳೆಯದು 1553ರದು. 1841ರಿಂದ ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳಿವೆ. ನೂರು ವರ್ಷ ಕಳೆದ ಮೇಲೆ ಅವನ್ನು ಯಾರು ಬೇಕಾದರೂ ನೋಡಬಹುದು. 1855ರಲ್ಲಿ ಶುರುವಾದ ಸರಕಾರಿ ಜನನ ನೋಂದಣಿಯಲ್ಲಿ ತಾಯಿಯ ತವರಿನ ಅಡ್ಡಹೆಸರೂ ಸಿಗುತ್ತದೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯಂತೆ ಮನೆಮನೆಯ ವಿವರ ಗುಪ್ತ. ಅಜ್ಜನನ್ನು ಅಲ್ಲಿ ಹುಡುಕುವಂತಿಲ್ಲ.

ಹಾವೇರಿಯವರ ಕೈಗೆ ಸಿಗುವುದು ಹೊಲದ ಕಾಗದ. 1840ರ ದಶಕದಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ಕ್ಯಾಪ್ಟನ್ ವಿಂಗೇಟ್, ಆಗ ಹಾವೇರಿಯೂ ಸೇರಿದ್ದ ಧಾರವಾಡ ಜಿಲ್ಲೆಯ ಜಮೀನು ಅಳೆಸಿದ. ಆಗಿನ ಮುಂಬಯಿ ಪ್ರಾಂತದ 1903ರ ಕಾಯ್ದೆಯಿಂದ ಹಕ್ಕುದಾಖಲೆ ಬಂತು. ತಹಶೀಲ್ದಾರ ಕಚೇರಿಯಲ್ಲಿ ಹಳೆಯ ಉತಾರ (ಪಹಣಿ) ತೆಗೆಸಿ, ಅದರಲ್ಲಿರುವ ಹಕ್ಕು ಬದಲಾವಣೆಯ ಡೈರಿ ನಂಬರು ಹಿಡಿದು ಹಿಂದೆ ಹೋದರೆ ಅಪ್ಪ, ಅಜ್ಜ, ಮುತ್ತಜ್ಜ ಒಬ್ಬೊಬ್ಬರೇ ಸಿಗುತ್ತಾರೆ. ಇನ್ನೂ ಹಿಂದಿನ ಕೆಲವು ಕಾಗದಗಳು ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿರುತ್ತವೆ. ಓದಲು ಬಲ್ಲವರನ್ನು ಹುಡುಕಬೇಕು. ಹೊಲವೇ ಇಲ್ಲದ ಕೂಲಿಯವನ ಮನೆತನಕ್ಕೆ ಈ ದಾರಿಯೂ ಇಲ್ಲ.

ಈ ದಾಖಲೆಗಳ ದೊಡ್ಡ ಕೊರತೆ ಹೆಣ್ಣುಮಕ್ಕಳದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಗೆ ಮೊದಲು ಎಷ್ಟೋ ವಾರಸಾ ಕಾಗದಗಳಲ್ಲಿ ಅವರ ಹೆಸರೇ ಬರುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ತಾಯಿಯ ಹೆಸರು, ತವರೂರು, ಬೆಡಗು ಕೇಳಿ ಈಗಲೇ ಬರೆದಿಡಿ. ಹೆಳವರು ಬಂದರೆ ಕೂರಿಸಿ, ಅವರು ಹೇಳಿದ್ದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಿ.