ಹೆಸರಘಟ್ಟದಿಂದ ತೊರೆಕಾಡನಹಳ್ಳಿಗೆ: ನಮ್ಮ ನಲ್ಲಿ ನೀರಿನ 130 ವರ್ಷ

ಬೆಂಗಳೂರಲ್ಲಿ ನಲ್ಲಿ ತಿರುಗಿಸಿದ್ರೆ ಬರೋ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚೂಕಮ್ಮಿ 500 ಮೀಟರ್ ಎತ್ತರ ಹತ್ತಿ ಬರುತ್ತೆ. ಅಷ್ಟು ದೂರ ಯಾಕೆ ಹೋಗಬೇಕಾಯ್ತು? ಇವತ್ತು ಅದನ್ನೇ ಹೇಳ್ತೀನಿ.

ಮೊದಲು ಊರಿಗೆ ಕೆರೆ, ಬಾವಿ, ಕಲ್ಯಾಣಿಗಳೇ ಆಧಾರ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರೋ ಕೆಲಸ ಶುರುವಾಗಿ, 1896ರಲ್ಲಿ ನೀರು ಊರು ಮುಟ್ಟಿತು. ಆದರೆ ಊರು ಬೆಳೀತಾ ಹೋಯ್ತು, ಮಳೆ ಕೈಕೊಟ್ಟಾಗ ಕೆರೆಯೂ ಕೈಕೊಟ್ಟಿತು. ಹಾಗಾಗಿ 1933ರಲ್ಲಿ ಅದೇ ನದಿಯ ಕೆಳಗಡೆ, ಕುಮುದ್ವತಿ ಬಂದು ಸೇರೋ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಬಂತು.

ಅದೂ ಸಾಲಲಿಲ್ಲ. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು, ದಿನಕ್ಕೆ 13.5 ಕೋಟಿ ಲೀಟರ್. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಅಂದ್ರೆ ಟಿ.ಕೆ. ಹಳ್ಳಿಯಲ್ಲಿ, ನೀರನ್ನ ಶುದ್ಧ ಮಾಡಿ ಅಲ್ಲಿಂದ ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ಆಮೇಲೆ ಒಂದೊಂದೇ ಹಂತ ಸೇರ್ತಾ ಹೋಯ್ತು.

2007ರಲ್ಲಿ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದವು. ಹೆಸರಿಗೆ ನಗರ, ನೀರಿಗೆ ಬೋರ್‌ವೆಲ್, ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳೂ ಬತ್ತಿ ಖಾಲಿ ಕೊಡ ಸಾಲು ನಿಂತಿದ್ದು ನಿಮಗೇ ಗೊತ್ತು. ಆ ವರ್ಷದ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಯ್ತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಮೊದಲ ಹಂತದ ಐದು ಪಟ್ಟಿಗೂ ಹೆಚ್ಚು.

ಖುಷಿಯ ವಿಷಯವೇ. ಆದರೆ ನನ್ನನ್ನ ಕಾಡೋದು ತಿಪ್ಪಗೊಂಡನಹಳ್ಳಿ. ಮೇಲ್ಗಡೆಯ ಊರು, ಕಾರ್ಖಾನೆಗಳ ಕೊಳಚೆ ಸೇರಿ ಆ ನೀರು ಎಷ್ಟು ಕೆಟ್ಟಿತು ಅಂದ್ರೆ, 2012ರಲ್ಲಿ ಅಲ್ಲಿಂದ ಕುಡಿಯೋ ನೀರು ತರೋದೇ ನಿಂತುಹೋಯ್ತು.

ಶುದ್ಧೀಕರಣ ಘಟಕ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಸಾಮಾನ್ಯ ಘಟಕ ಮಾಡೋದು ಇಷ್ಟು: ಪಟಿಕ ಹಾಕಿ ಕೆಸರು ತಳಕ್ಕಿಳಿಸುತ್ತೆ, ಮರಳಲ್ಲಿ ಸೋಸುತ್ತೆ, ಕ್ಲೋರಿನ್ ಬೆರೆಸಿ ರೋಗಾಣು ಕೊಲ್ಲುತ್ತೆ. ಕರಗಿಹೋದ ರಾಸಾಯನಿಕ ತೆಗೆಯೋಕೆ ಇದು ಸಾಲದು.

ಹತ್ತಿರದ ನದಿ ಕೆಡಿಸಿಕೊಂಡೆವು, ದೂರದ ನದಿಗೆ ಕೈ ಚಾಚಿದೆವು. ಕಾವೇರಿಯನ್ನೂ ಕೆಡಿಸಿಕೊಂಡರೆ ಮುಂದೆ ಯಾವ ನದಿಗೆ ಹೋಗೋದು? ಘಟಕ ಎಷ್ಟೇ ದೊಡ್ಡದು ಮಾಡಿದ್ರೂ ಮೊದಲ ಶುದ್ಧೀಕರಣ ನದಿ ದಡದಲ್ಲೇ ಆಗಬೇಕು ಅನ್ನೋದು ನನ್ನ ಮಾತು. ನಿಮ್ಮ ಏರಿಯಾಗೆ ಐದನೇ ಹಂತದ ನೀರು ಬಂತಾ? ತಿಳಿಸಿ. ಮುಂದಿನ ವಾರ ಸಿಗೋಣ.